ಮುಡಿಯೂ ಮುಪ್ಪೂ

ಕನ್ನಡ ನಾಡಿನ ಮನೆಗಳಲ್ಲಿ ಸ್ತ್ರೀಯರ ಕೇಶರಚನೆಯ ವಿಷಯವಾಗಿ ಬರೆಯದ ಶಾಸನವೊಂದು ಬಹುಕಾಲ ನಡೆದುಬಂದಿತು. ಹುಡುಗಿಗೆ ಜಡೆ, ಮಕ್ಕಳೊಂದಿಗಳಾದ ಗೃಹಿಣಿಗೆ ತುರುಬು. ಕೆಲವು ಸಮಾಜಗಳಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಬೋಳುತಲೆ. ಈ ಶಾಸನವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಯಾರೂ ಪ್ರಶ್ನಿಸುತ್ತಲೂ ಇರಲಿಲ್ಲ. ನಲವತ್ತು ದಾಟಿದ ಹೆಂಗಸೊಬ್ಬಳು ಜಡೆಯನ್ನು ಬೆನ್ನ ಮೇಲೆ ಇಳಿಬಿಟ್ಟರೆ, “ಈ ವಯಸ್ಸಿಗೆ ಇದು ಒಪ್ಪುವುದೇ?” ಎಂಬ ಮಾತು ನೆರೆಹೊರೆಯಲ್ಲಿ ತಾನಾಗಿ ಹುಟ್ಟುತ್ತಿತ್ತು. ಮುಂದೆ ಕೂದಲನ್ನು ಕತ್ತರಿಸಿಕೊಳ್ಳುವ ರೂಢಿ ಬಂದಾಗಲೂ ಇದೇ ಪ್ರಶ್ನೆಯೇ ಮತ್ತೊಮ್ಮೆ ಎದ್ದಿತು. ಹಾಗಾದರೆ ಈ ‘ಒಪ್ಪುವುದು’ ಎಂಬುದು ಕಣ್ಣಿನ ತೀರ್ಮಾನವೋ, ವಯಸ್ಸಿನ ಮರ್ಯಾದೆಯೋ, ಅಥವಾ ಇವೆರಡರ ಮರೆಯಲ್ಲಿ ನಿಂತ ಬೇರೆ ಯಾವುದಾದರೂ ಕಟ್ಟಳೆಯೋ ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಪ್ರಾಚೀನರ ಮಾತುಗಳನ್ನೇ ನೋಡಬಹುದು. ಅಮರಸಿಂಹನ ನಿಘಂಟಿನಲ್ಲಿ ಕೂದಲಿಗೆ ಕೇಶ, ಕಚ, ಕುಂತಲ, ಚಿಕುರ, ಶಿರೋರುಹ ಮೊದಲಾದ ಹೆಸರುಗಳಿವೆ. ಹಣೆಯ ಮೇಲಿನ ಗುಂಗುರು ಅಲಕ, ಕಟ್ಟಿದ ಕೂದಲು ಧಮ್ಮಿಲ್ಲ, ಅಲಂಕರಿಸಿದ ಮುಡಿ ಕಬರಿ, ಹೆಣೆದುದು ವೇಣಿ. ಕನ್ನಡವೂ ಈ ವಿಷಯದಲ್ಲಿ ಬಡವಾಗಿಲ್ಲ. ಮುಡಿ, ತುರುಬು, ಜಡೆ, ಹೆರಳು, ಕುರುಳು, ಬೈತಲೆ ಎಂಬ ಮಾತುಗಳು ಒಂದೊಂದೂ ಒಂದೊಂದು ವಿನ್ಯಾಸವನ್ನು ಹೇಳುತ್ತವೆ. ಹೂವನ್ನು ತಲೆಯಲ್ಲಿ ಧರಿಸುವುದಕ್ಕೆ ‘ಮುಡಿಯುವುದು’ ಎಂಬ ಪ್ರತ್ಯೇಕವಾದ ಕ್ರಿಯಾಪದವೇ ಕನ್ನಡದಲ್ಲಿರುವುದನ್ನು ವಾಚಕರು ಬಲ್ಲರು. ಈ ಹೆಸರುಗಳೆಲ್ಲವೂ ಕೂದಲನ್ನು ಏನು ಮಾಡಲಾಗಿದೆ ಎಂಬುದನ್ನು ತಿಳಿಸುತ್ತವೆ. ಅದು ಎಷ್ಟು ವರ್ಷದವಳ ತಲೆ ಎಂಬುದನ್ನು ತಿಳಿಸುವುದಿಲ್ಲ. ಮುಪ್ಪಿನಿಂದ ಬಿಳಿದಾಗುವುದಕ್ಕೆ ‘ಪಲಿತ’ ಎಂಬ ಶಬ್ದವನ್ನು ಅಮರಸಿಂಹನು ಬೇರೆಯಾಗಿ ಕೊಟ್ಟಿದ್ದಾನೆ; ಕನ್ನಡದ ‘ನರೆ’ಯೂ ಅದೇ. ನರೆಯು ಪ್ರಕೃತಿಯ ಕೆಲಸ, ಮುಡಿಯು ಕೈಯ ಕೆಲಸ; ಭಾಷೆಯು ಇವೆರಡನ್ನೂ ಬೇರೆಬೇರೆಯಾಗಿಯೇ ಇರಿಸಿದೆ.

ಕಾವ್ಯಗಳಿಗೆ ಬಂದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಅಶೋಕವನದಲ್ಲಿದ್ದ ಸೀತೆಯು ಏಕವೇಣಿಯನ್ನು ಧರಿಸಿದ್ದಳು. ಕಾಳಿದಾಸನ ಮೇಘದೂತದ ಯಕ್ಷಪತ್ನಿಯೂ, ದುಷ್ಯಂತನಿಂದ ತ್ಯಕ್ತಳಾದ ಶಕುಂತಲೆಯೂ ಹಾಗೆಯೇ. ಸಿಂಗರಿಸದೆ ಬಿಟ್ಟ ಒಂಟಿ ಜಡೆ ಎಂದರೆ ಪತಿಯು ದೂರದಲ್ಲಿದ್ದಾನೆಂದು ಅರ್ಥ. ಅದು ಎಳೆತನದ ಗುರುತಲ್ಲ, ಮುಪ್ಪಿನ ಗುರುತೂ ಅಲ್ಲ. ದಾಂಪತ್ಯದ ಒಂದು ಅವಸ್ಥೆಯ ಗುರುತು. ಹೀಗೆ ಸ್ತ್ರೀಯ ಕೂದಲಿನಲ್ಲಿ ಆಕೆಯ ಗಂಡನ ಸಮಾಚಾರವನ್ನು ಓದುವ ಅಭ್ಯಾಸವು ಬಹಳ ಹಳೆಯದು.

ಕನ್ನಡ ಕಾವ್ಯದಲ್ಲಿ ಅತ್ಯಂತ ಪ್ರಸಿದ್ಧವಾದ ಮುಡಿ ಯಾರದು? ನಿಸ್ಸಂದೇಹವಾಗಿ ದ್ರೌಪದಿಯದು. ೧೦ನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ರನ್ನನ ಗದಾಯುದ್ಧದಲ್ಲಿ ಆ ಬಿಚ್ಚಿದ ಮುಡಿಯೇ ಭೀಮನ ಪ್ರತಿಜ್ಞೆಯ ಮೂಲ. ಅದನ್ನು ಮರಳಿ ಕಟ್ಟುವುದೇ ಆ ಪ್ರತಿಜ್ಞೆಯ ಫಲ. ಅದಕ್ಕೂ ಹಿಂದೆ ಭಟ್ಟನಾರಾಯಣನು ತನ್ನ ಸಂಸ್ಕೃತ ನಾಟಕಕ್ಕೆ ವೇಣೀಸಂಹಾರವೆಂದೇ ಹೆಸರಿಟ್ಟನು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ದ್ಯೂತಸಭೆಯ ಅನಂತರ ಹದಿಮೂರು ವರ್ಷಗಳ ವನವಾಸ ಅಜ್ಞಾತವಾಸಗಳು ಕಳೆದುವು. ದ್ರೌಪದಿಯ ಐವರು ಮಕ್ಕಳು ಕುರುಕ್ಷೇತ್ರದಲ್ಲಿ ಆಯುಧ ಹಿಡಿದು ಹೋರಾಡುವಷ್ಟು ಬೆಳೆದಿದ್ದರು. ಹೀಗಿರಲು, ಯುದ್ಧದ ಕೊನೆಯಲ್ಲಿ ಕಟ್ಟಲ್ಪಡುವ ಮುಡಿಯು ಸ್ವಯಂವರದ ಕನ್ಯೆಯದಲ್ಲ. ನಡುವಯಸ್ಸನ್ನು ಮುಟ್ಟಿದ ತಾಯಿಯೊಬ್ಬಳದು. “ಈ ವಯಸ್ಸಿನಲ್ಲಿ ಮುಡಿ ಬಿಚ್ಚಿಕೊಂಡಿರುವುದು ಒಪ್ಪುವುದೇ?” ಎಂದು ಆಕೆಯನ್ನು ಕೇಳುವ ಧೈರ್ಯ ಯಾವ ಕವಿಗೂ ಇರಲಿಲ್ಲ, ಕೇಳಬೇಕೆಂದು ತೋರಿದಂತೆಯೂ ಇಲ್ಲ.

ಶಿಲ್ಪಿಗಳಾದರೋ ಈ ಪ್ರಶ್ನೆಯ ಹತ್ತಿರಕ್ಕೇ ಬರಲಿಲ್ಲ. ೧೧೧೭ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಕನ್ನಡಿ ಹಿಡಿದು ನಿಂತ ಸುಂದರಿಯನ್ನು ಅರಿಯದವರಿಲ್ಲ. ಆ ವಿಗ್ರಹಗಳಲ್ಲಿ ತುರುಬುಗಳಿವೆ, ಹಣೆಯ ಅಂಚಿನ ಗುಂಗುರುಗಳಿವೆ, ಅವುಗಳ ಮೇಲೆ ಬಗೆಬಗೆಯ ಆಭರಣಗಳಿವೆ. ಒಂದು ಮಾತು ಇಲ್ಲಿ ಸ್ಪಷ್ಟವಾಗುತ್ತದೆ: ಕನ್ಯೆಗೆ ಜಡೆ, ಗೃಹಿಣಿಗೆ ತುರುಬು ಎಂಬ ಈಚಿನ ವಿಭಾಗವು ಹೊಯ್ಸಳ ಶಿಲ್ಪಿಗೆ ಕಟ್ಟಳೆಯಾಗಿರಲಿಲ್ಲ. ಅವನ ಚೆಲುವೆಯರು ಹರೆಯದವರಾಗಿಯೇ ತುರುಬನ್ನು ಕಟ್ಟಿದ್ದಾರೆ. ಇಂದು ‘ವಯಸ್ಸಾದವರ ಮುಡಿ’ ಎನಿಸಿಕೊಂಡಿರುವ ತುರುಬು ಅಂದು ಯೌವನದ ಅಲಂಕಾರವಾಗಿತ್ತು. ಹಾಗೆಂದಮೇಲೆ ಮುಡಿಗೂ ವಯಸ್ಸಿಗೂ ಕಲ್ಪಿಸಿರುವ ಸಂಬಂಧವು ಸ್ವಭಾವಸಿದ್ಧವಾದುದಲ್ಲ, ಕಾಲಕಾಲಕ್ಕೆ ಬದಲಾಗತಕ್ಕದ್ದು ಎಂದಾಯಿತು.

ಆದರೆ ರೂಢಿಗಳೆಲ್ಲವೂ ಅಕಾರಣವಾದುವೆಂದು ತಿಳಿಯುವುದು ತಪ್ಪು. ಗೃಹಿಣಿಯ ತುರುಬಿಗೆ ಸರಳವಾದ ಪ್ರಯೋಜನವೊಂದಿತ್ತು. ಒಲೆಯ ಮುಂದೆ ಬಾಗುವವಳಿಗೆ, ಒರಳಿನ ಬಳಿ ಕೂಡುವವಳಿಗೆ, ಬೀಸುವ ಕಲ್ಲನ್ನು ತಿರುಗಿಸುವವಳಿಗೆ, ಬಾವಿಯಿಂದ ನೀರು ಸೇದುವವಳಿಗೆ, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡವಳಿಗೆ ನೀಳವಾದ ಜಡೆಯು ಅಡ್ಡಿಯೇ ಸರಿ. ಸುತ್ತಿ ಕಟ್ಟಿದ ತುರುಬು ದಿನವೆಲ್ಲ ಸ್ಥಿರವಾಗಿ ನಿಲ್ಲುತ್ತದೆ. ಹೆರಿಗೆಗಳಿಂದಲೂ ವಯಸ್ಸಿನಿಂದಲೂ ಕೂದಲು ತೆಳ್ಳಗಾಗುವುದು ಪ್ರಕೃತಿಯ ನಿಯಮ. ತೆಳ್ಳಗಾದ ಜಡೆಗಿಂತ, ಬೇಕಾದರೆ ಚೌರಿಯನ್ನು ಸೇರಿಸಿ ಕಟ್ಟಿದ ಗಂಟು ನೋಡುವುದಕ್ಕೆ ತುಂಬಿದಂತೆ ಕಾಣುತ್ತದೆ. ಕೂದಲಿದ್ದವಳು ತುರುಬನ್ನು ಎತ್ತ ಬೇಕಾದರೂ ಕಟ್ಟಬಹುದೆಂಬ ಗಾದೆಯು ಸಿರಿವಂತರನ್ನು ಕುರಿತದ್ದಾದರೂ, ಅದನ್ನು ಮೊದಲು ಆಡಿದವರು ಕನ್ನಡಿಯ ಮುಂದೆ ನಿಂತ ಹೆಂಗಸರೇ ಇರಬೇಕು. ನಾಗರ, ಜಡೆಬಿಲ್ಲೆ, ಕುಚ್ಚುಗಳು ಮಗಳ ತಲೆಯನ್ನು ಸೇರಿದ ಮೇಲೆ ತಾಯಿಯು ತುರುಬಿಗೆ ಒಂದು ಹೂವಿನ ದಂಡೆಯಿಂದಲೇ ತೃಪ್ತಳಾಗುತ್ತಿದ್ದಳು. ಇದರಲ್ಲಿ ಬಲಾತ್ಕಾರಕ್ಕಿಂತ ಸೌಕರ್ಯವೂ ವಾತ್ಸಲ್ಯವೂ ಹೆಚ್ಚಾಗಿದ್ದುವು.

ಇಷ್ಟೇ ಆಗಿದ್ದರೆ ಈ ವಿಷಯವು ಚರ್ಚೆಗೆ ಯೋಗ್ಯವೆನಿಸುತ್ತಿರಲಿಲ್ಲ. ಆದರೆ ಆ ಹೂವಿನ ದಂಡೆಯ ಮುಂದೆ ನಿಂತು ವಿಚಾರಿಸಿದರೆ ನಿಜವಾದ ಕಟ್ಟಳೆಯು ಹೊರಬೀಳುತ್ತದೆ. ಎಂಬತ್ತು ವರ್ಷದ ಮುತ್ತೈದೆಯ ನರೆತ ತುರುಬಿನಲ್ಲಿ ಮಲ್ಲಿಗೆ ಒಪ್ಪುತ್ತಿತ್ತು. ಅಷ್ಟೇ ಅಲ್ಲ, ಅದನ್ನು ಕಂಡವರು ಕೈಮುಗಿದು ಆಶೀರ್ವಾದ ಬೇಡುತ್ತಿದ್ದರು. ಇಪ್ಪತ್ತು ವರ್ಷದ ವಿಧವೆಯ ಕಪ್ಪು ಕೂದಲಿನಲ್ಲಿ ಅದೇ ಮಲ್ಲಿಗೆ ಒಪ್ಪುತ್ತಿರಲಿಲ್ಲ. ಹೂವು ಒಂದೇ, ಕಣ್ಣುಗಳೂ ಅವೇ. ವಯಸ್ಸೇ ಅಳತೆಗೋಲಾಗಿದ್ದರೆ ಈ ತೀರ್ಪು ತಲೆಕೆಳಗಾಗಬೇಕಾಗಿತ್ತು. ಆದುದರಿಂದ ‘ವಯಸ್ಸಿಗೆ ಒಪ್ಪುವುದು’ ಎಂದು ಲೋಕವು ಹೇಳುತ್ತಿದ್ದುದರ ಒಳ ಅರ್ಥವು ‘ಸ್ಥಿತಿಗೆ ಒಪ್ಪುವುದು’ ಎಂದೇ ಆಗಿತ್ತು. ಆ ಸ್ಥಿತಿಯನ್ನು ನಿರ್ಣಯಿಸುತ್ತಿದ್ದುದು ಗಂಡನ ಇರವು ಅಥವಾ ಇಲ್ಲದಿರವು.

ಕೇಶದ ಮೂಲಕ ಸ್ತ್ರೀಯ ಸ್ಥಿತಿಯನ್ನು ಸಾರುವ ಪದ್ಧತಿಯು ಭಾರತಕ್ಕೆ ಮಾತ್ರ ಸೇರಿದುದಲ್ಲ. ಜಪಾನಿನಲ್ಲಿ ಅವಿವಾಹಿತೆಯ ಮುಡಿಗೆ ಶಿಮಾದ ಎಂದೂ ವಿವಾಹಿತೆಯ ಮುಡಿಗೆ ಮರುಮಗೆ ಎಂದೂ ಹೆಸರು. ಮರುಮಗೆಯ ಗಂಟು ಹೊಸ ಮದುವಣಗಿತ್ತಿಗೆ ದೊಡ್ಡದಾಗಿಯೂ, ವಯಸ್ಸೇರಿದಂತೆ ಸಣ್ಣದಾಗಿಯೂ ಇರುತ್ತಿತ್ತು. ಗಂಟಿನ ಗಾತ್ರದಿಂದಲೇ ವಯಸ್ಸನ್ನು ಊಹಿಸಬಹುದಾಗಿತ್ತು. ೧೮೭೧ರಲ್ಲಿ ಅಲ್ಲಿಯ ಸರ್ಕಾರವು ಗಂಡಸರು ಹಳೆಯ ಜುಟ್ಟನ್ನು ಬಿಟ್ಟು ಕೂದಲನ್ನು ಕತ್ತರಿಸಿಕೊಳ್ಳಬಹುದೆಂದು ಸಾರಿತು. ಅದನ್ನು ಕಂಡು ಕೆಲವು ಹೆಂಗಸರೂ ಹಾಗೆಯೇ ಮಾಡಲು, ೧೮೭೨ರಲ್ಲಿ ಟೋಕಿಯೋ ನಗರದ ಆಡಳಿತವು ಸ್ತ್ರೀಯರಿಗೆ ಅದನ್ನು ನಿಷೇಧಿಸಿತು. ಗಂಡಸಿನ ಕತ್ತರಿ ನಾಗರಿಕತೆಯಾಯಿತು, ಹೆಂಗಸಿನ ಕತ್ತರಿ ಅಪರಾಧವಾಯಿತು. ಹೀಗೆ ದೂರದ ಜಪಾನಿನಲ್ಲಿಯೂ ಸ್ತ್ರೀಯ ಕೂದಲು ಆಕೆಯೊಬ್ಬಳ ಸ್ವತ್ತಾಗಿರಲಿಲ್ಲ.

ಭಾರತದಲ್ಲಿ ಈ ಕಟ್ಟಳೆಯು ಅತ್ಯಂತ ಕಠೋರವಾದ ರೂಪವನ್ನು ತಳೆದುದು ವಿಧವೆಯರ ಕೇಶವಪನದಲ್ಲಿ. ಇದು ಅನಾದಿಕಾಲದಿಂದ ಬಂದುದೆಂದು ಅನೇಕರು ನಂಬಿದ್ದರು. ಆದರೆ ಮನುಸ್ಮೃತಿಯು ವಿಧವೆಗೆ ಗೆಡ್ಡೆ ಹಣ್ಣುಗಳ ಮಿತಾಹಾರವನ್ನೂ ಬ್ರಹ್ಮಚರ್ಯವನ್ನೂ ವಿಧಿಸಿದೆಯೇ ಹೊರತು ತಲೆಯನ್ನು ಬೋಳಿಸಬೇಕೆಂದು ಹೇಳುವುದಿಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಅಂತಹ ವಿಧಿಯಿಲ್ಲ. ವಿಧವೆಯ ಕಟ್ಟಿದ ಜಡೆಯು ಪರಲೋಕದಲ್ಲಿ ಪತಿಗೆ ಬಂಧನವಾಗುವುದೆಂಬ ಮಾತು ಸ್ಕಂದಪುರಾಣದ ಕಾಶೀಖಂಡದಲ್ಲಿ ಬರುತ್ತದೆ. ಈ ಪದ್ಧತಿಯನ್ನು ಸಮರ್ಥಿಸುವವರು ಮುಖ್ಯವಾಗಿ ಆಶ್ರಯಿಸಿದ್ದು ಅದನ್ನೇ. ಧರ್ಮಶಾಸ್ತ್ರದ ಇತಿಹಾಸವನ್ನು ಬರೆದ ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ಈ ಆಧಾರಗಳನ್ನು ಪರಿಶೀಲಿಸಿ, ಈ ಆಚಾರವು ಪ್ರಾಚೀನ ಸ್ಮೃತಿಗಳದಲ್ಲ, ಕಾಲಾಂತರದಲ್ಲಿ ಬೆಳೆದುದು ಎಂಬ ನಿರ್ಣಯಕ್ಕೆ ಬಂದರು. ಶ್ರೀವೈಷ್ಣವರಲ್ಲಿ ತೆಂಗಲೆಯವರು ವಿಧವೆಯರ ಕೇಶವನ್ನು ತೆಗೆಸುತ್ತಿರಲಿಲ್ಲವೆಂಬುದೂ ಪ್ರಸಿದ್ಧವಾದ ಸಂಗತಿ. ಕನ್ನಡ ನಾಡಿನ ಬಹುಸಂಖ್ಯಾತ ಸಮಾಜಗಳಲ್ಲಿ ಕೇಶವಪನವೂ ಇರಲಿಲ್ಲ. ಅವುಗಳಲ್ಲಿ ಹಲವು ಉಡಿಕೆಯ ಮೂಲಕ ಪುನರ್ವಿವಾಹಕ್ಕೂ ಅವಕಾಶವಿತ್ತಿದ್ದುವು. ಹೀಗೆ ಶಾಸ್ತ್ರದಲ್ಲಿ ಶಿಥಿಲವಾಗಿಯೂ, ಲೋಕದಲ್ಲಿ ಅಲ್ಪಸಂಖ್ಯಾತರದಾಗಿಯೂ ಇದ್ದ ರೂಢಿಯೊಂದು ಕೆಲವು ಮನೆತನಗಳಲ್ಲಿ, ಮುಖ್ಯವಾಗಿ ಬ್ರಾಹ್ಮಣರಲ್ಲಿ, ಅಲಂಘ್ಯವಾದ ಧರ್ಮವೆನಿಸಿತ್ತು.

ಅದರ ಫಲವೇನು? ಹದಿನೈದು ವರ್ಷದವಳೂ ಎಪ್ಪತ್ತು ವರ್ಷದವಳೂ ಒಂದೇ ರೂಪಕ್ಕೆ ಇಳಿಯುತ್ತಿದ್ದರು: ಬೋಳುತಲೆ, ಅದರ ಮೇಲೆ ಎಳೆದುಕೊಂಡ ಕೆಂಪು ಸೀರೆಯ ಸೆರಗು. ಕೂದಲು ಒಮ್ಮೆ ತೆಗೆದರೆ ಮುಗಿಯಿತೆನ್ನುವಂತಿಲ್ಲ. ಅದು ಬೆಳೆಯುತ್ತಲೇ ಇರುತ್ತದೆ. ಆದುದರಿಂದ ಆ ಶಿಕ್ಷೆಯೂ ಬದುಕಿರುವವರೆಗೆ ಮತ್ತೆಮತ್ತೆ ನಡೆಯಬೇಕಾಗಿತ್ತು. ಮನೆಯ ಹಿತ್ತಿಲಲ್ಲಿ ತಲೆತಗ್ಗಿಸಿ ಕುಳಿತ ಆ ಸ್ತ್ರೀಯ ವಯಸ್ಸನ್ನು ಯಾರೂ ಎಣಿಸುತ್ತಿರಲಿಲ್ಲ. ವಯಸ್ಸಿಗೆ ತಕ್ಕ ಮುಡಿ ಎಂಬ ಮಾತಿನ ಪೊಳ್ಳುತನವು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಸಿಗದು. ಮುಪ್ಪಿಲ್ಲದವಳಿಗೆ ಮುಪ್ಪನ್ನು ಹೊರಿಸುವುದಕ್ಕೆ ಕತ್ತಿಯೇ ಸಾಕಾಗಿತ್ತು.

ಈ ಪದ್ಧತಿಯ ವಿರುದ್ಧವಾಗಿ ಎದ್ದ ದನಿಗಳಲ್ಲಿ ಒಂದಕ್ಕೆ ಕರ್ನಾಟಕದ ಮಣ್ಣಿನ ಸಂಬಂಧವಿದೆ. ಪಂಡಿತಾ ರಮಾಬಾಯಿಯವರು ೧೮೫೮ರಲ್ಲಿ ಜನಿಸಿದುದು ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೂ ಮಕ್ಕಳಿಗೂ ಸಂಸ್ಕೃತವನ್ನು ಕಲಿಸಿದ ಸಾಹಸಿಗರು. ೧೮೮೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಗ್ರಂಥದಲ್ಲಿ ರಮಾಬಾಯಿಯವರು ಉಚ್ಚವರ್ಣದ ಹಿಂದೂ ವಿಧವೆಯ ಬಾಳನ್ನು ಜಗತ್ತಿನ ಮುಂದಿಟ್ಟರು; ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅವರ ಭಾವಚಿತ್ರಗಳಲ್ಲಿ ಕಾಣುವುದು ಗಿಡ್ಡವಾದ ಕೂದಲು. ಅದು ರೂಢಿಯ ತುರುಬಲ್ಲ, ರೂಢಿಯ ಬೋಳುತಲೆಯೂ ಅಲ್ಲ.

ಮರುವರ್ಷ, ಅಂದರೆ ೧೮೯೦ರಲ್ಲಿ, ಅದೇ ಮುಂಬಯಿಯಲ್ಲಿ ಇನ್ನೊಂದು ಅಪೂರ್ವ ಘಟನೆ ನಡೆಯಿತು. ‘ದೀನಬಂಧು’ ಪತ್ರಿಕೆಯ ಸಂಪಾದಕರೂ ಕಾರ್ಮಿಕರ ಮುಖಂಡರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆಯನ್ನು ಬೋಳಿಸುವುದಿಲ್ಲವೆಂದು ನಿಶ್ಚಯಿಸಿದರು. ಪಂಡಿತರು ಆಧಾರಗಳನ್ನು ಹುಡುಕುತ್ತಿದ್ದ ಕಾಲದಲ್ಲಿ, ಕತ್ತಿ ಹಿಡಿದ ಕೈಗಳು ತಮ್ಮ ಪಾಪವನ್ನು ತಾವೇ ಎಣಿಸಿಕೊಂಡುವು. ಅಕ್ಷರಸ್ಥರ ಸುಧಾರಣೆಯ ಚರಿತ್ರೆಯಲ್ಲಿ ಈ ನಿಶ್ಚಯಕ್ಕೆ ಸಲ್ಲಬೇಕಾದ ಗೌರವವು ಇನ್ನೂ ಪೂರ್ಣವಾಗಿ ಸಂದಿಲ್ಲ.

ಪ್ರಸ್ತುತ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸಲ್ಲುವ ನಿದರ್ಶನವೆಂದರೆ ಪಾರ್ವತೀಬಾಯಿ ಆಠವಲೆಯವರದು. ೧೮೭೦ರಲ್ಲಿ ಕೊಂಕಣದಲ್ಲಿ ಜನಿಸಿದ ಇವರು ಎಳೆವಯಸ್ಸಿನಲ್ಲಿಯೇ ವಿಧವೆಯಾದರು. ರೂಢಿಯಂತೆ ಕೇಶವಪನವೂ ಆಯಿತು. ಇವರ ಸೋದರಿಯೂ ವಿಧವೆಯೇ. ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರು ಆಕೆಯನ್ನು ವಿವಾಹವಾದರು. ೧೮೯೬ರಲ್ಲಿ ಪುಣೆಯಲ್ಲಿ ಕರ್ವೆಯವರು ಸ್ಥಾಪಿಸಿದ ವಿಧವಾಶ್ರಮಕ್ಕಾಗಿ ಪಾರ್ವತೀಬಾಯಿಯವರು ಊರೂರು ಅಲೆದು ಧನವನ್ನು ಕೂಡಿಸಿದರು. ಅಷ್ಟು ಕಾಲವೂ ಅವರ ತಲೆ ಬೋಳಾಗಿಯೇ ಇತ್ತು. ನಲವತ್ತರ ಸುಮಾರಿಗೆ ಬಂದಾಗ ಅವರು ಕೇಶವಪನವನ್ನು ನಿಲ್ಲಿಸಿ ಕೂದಲನ್ನು ಬೆಳೆಯಿಸಿದರು. ಅನಂತರ ಅಮೆರಿಕಕ್ಕೂ ಹೋಗಿ ಬಂದು, ೧೯೨೮ರಲ್ಲಿ ಮರಾಠಿಯಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು.

ಈ ನಿಶ್ಚಯದ ಮಹತ್ತ್ವವನ್ನು ಸ್ವಲ್ಪ ವಿವರಿಸಬೇಕು. ಎಳೆಯ ವಿಧವೆಯೊಬ್ಬಳು ಕೂದಲನ್ನು ಉಳಿಸಿಕೊಂಡರೆ ಪುನರ್ವಿವಾಹದ ಆಸೆಯಿಂದ ಎಂದು ಸನಾತನಿಗಳು ದೂಷಿಸಬಹುದಾಗಿತ್ತು. ಅದೇ ಕಾರಣದಿಂದ ಸುಧಾರಕರು ಸಮರ್ಥಿಸಬಹುದಾಗಿತ್ತು. ಎರಡು ಪಕ್ಷದವರ ದೃಷ್ಟಿಯಲ್ಲಿಯೂ ಆ ಕೂದಲು ಒಬ್ಬ ಗಂಡನಿಗಾಗಿ ಇದ್ದುದೇ: ಒಂದು ಪಕ್ಷಕ್ಕೆ ಸತ್ತ ಗಂಡ, ಇನ್ನೊಂದು ಪಕ್ಷಕ್ಕೆ ಬರಲಿರುವ ಗಂಡ. ನಲವತ್ತು ವರ್ಷದ, ಮಗನನ್ನು ಬೆಳೆಸಿದ, ಮರುಮದುವೆಯನ್ನು ಒಲ್ಲದ ಪಾರ್ವತೀಬಾಯಿಯವರ ಕೂದಲಿಗೆ ಇಂತಹ ಯಾವ ನೆಪವೂ ಇರಲಿಲ್ಲ. ಅದು ಯಾರನ್ನೂ ಮೆಚ್ಚಿಸುವುದಕ್ಕಲ್ಲ, ಯಾರನ್ನೂ ಸೂಚಿಸುವುದಕ್ಕೂ ಅಲ್ಲ. ತಲೆ ತನ್ನದು ಎಂಬ ಒಂದೇ ಕಾರಣಕ್ಕೆ ಬೆಳೆದ ಕೂದಲು. ನಡುವಯಸ್ಸಿನಲ್ಲಿ ಮಾಡಿದುದರಿಂದಲೇ ಆ ಕಾರ್ಯಕ್ಕೆ ಅಷ್ಟು ಶುದ್ಧತೆ ಒದಗಿತು.

ಕನ್ನಡ ಸಾಹಿತ್ಯವೂ ಈ ನೋವಿಗೆ ಕಿವುಡಾಗಿರಲಿಲ್ಲ. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಕರಾವಳಿಯ ಎಳೆಯ ವಿಧವೆಯೊಬ್ಬಳ ಬಿಡುಗಡೆಯನ್ನು ಕಥೆಯಾಗಿಸಿತು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದು ಮಾನ್ಯವಾಗಿದೆ. ೧೯೭೬ರಲ್ಲಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದಿತು. ೧೯೮೩ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಬಾಲ್ಯದಲ್ಲಿಯೇ ವಿಧವೆಯಾಗಿ, ಕೇಶವನ್ನು ಕಳೆದುಕೊಂಡು, ಮಲೆನಾಡಿನ ಮನೆಯೊಂದರಲ್ಲಿ ಎಲ್ಲರ ಸೇವೆ ಮಾಡುತ್ತ ಮುಪ್ಪಾದ ಫಣಿಯಮ್ಮ, ಹೊಸ ತಲೆಮಾರಿನ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ, ಆಕೆಯ ಪಕ್ಷವನ್ನು ವಹಿಸುತ್ತಾಳೆ. ತನಗಾದುದು ಇನ್ನೊಬ್ಬಳಿಗೂ ಆಗಲಿ ಎಂಬುದು ರೂಢಿಯ ತರ್ಕ. ತನಗಾದುದು ಇನ್ನೊಬ್ಬಳಿಗೆ ಆಗದಿರಲಿ ಎಂಬುದು ಆ ವೃದ್ಧೆಯ ಧರ್ಮ. ಕೂದಲಿಲ್ಲದವಳೇ ಕೂದಲಿನ ಪರವಾಗಿ ಸಾಕ್ಷಿ ನುಡಿದುದರಿಂದ ಆ ಸಾಕ್ಷ್ಯಕ್ಕೆ ತೂಕ ಬಂದಿದೆ.

ಕೇಶವಪನವು ೨೦ನೆಯ ಶತಮಾನದಲ್ಲಿ ಕ್ರಮವಾಗಿ ಅಳಿಯುತ್ತ ಬಂದಿತು. ಇತ್ತ ಅದೇ ಶತಮಾನದಲ್ಲಿ ಕತ್ತರಿಯು ಬೇರೆ ವೇಷದಿಂದ ಪ್ರವೇಶಿಸಿತು. ಮೊದಲ ಮಹಾಯುದ್ಧದ ತರುವಾಯ, ೧೯೨೦ರ ದಶಕದಲ್ಲಿ, ಯೂರೋಪು ಅಮೆರಿಕಗಳ ಸ್ತ್ರೀಯರು ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಳ್ಳತೊಡಗಿದರು. ಆ ರೀತಿಯು ಭಾರತದ ನಗರಗಳಿಗೂ ಮೆಲ್ಲಗೆ ಬಂದಿತು. ಕನ್ನಡ ನಾಡಿನ ಮನೆಗಳಲ್ಲಿ ಇದಕ್ಕೆ ಎದುರಾದ ಅಸಮಾಧಾನವನ್ನು ಬರಿಯ ಮೌಢ್ಯವೆನ್ನಲಾಗದು. ಕತ್ತರಿಸಿದ ಕೂದಲೆಂದರೆ ಅಮಂಗಲದ ನೆನಪು. ಅಜ್ಜಿಯರ ಬೋಳುತಲೆಗಳನ್ನು ಕಂಡ ಕಣ್ಣುಗಳಿಗೆ ಮಗಳ ಗಿಡ್ಡಗೂದಲು ಹಿತವಾಗಿ ತೋರದಿದ್ದುದು ಸಹಜವೇ. ಒಂದೇ ಕತ್ತರಿಯು ಒಂದು ತಲೆಮಾರಿಗೆ ದಂಡನೆಯೂ ಇನ್ನೊಂದು ತಲೆಮಾರಿಗೆ ಸ್ವಾತಂತ್ರ್ಯವೂ ಆಗಿತ್ತು.

ಇಂದಿರಾ ಗಾಂಧಿಯವರು ೧೯೬೬ರಲ್ಲಿ ಪ್ರಧಾನಮಂತ್ರಿಯಾದಾಗ ಅವರಿಗೆ ೪೮ ವರ್ಷ. ಅವರು ವಿಧವೆಯೂ ಆಗಿದ್ದರು. ಪತಿ ಫಿರೋಜ್ ಗಾಂಧಿಯವರು ೧೯೬೦ರಲ್ಲಿ ತೀರಿಕೊಂಡಿದ್ದರು. ಅವರ ಗಿಡ್ಡವಾದ ಕೂದಲನ್ನೂ, ಮುಂದೆ ಅದರಲ್ಲಿ ಎದ್ದು ಕಂಡ ಬಿಳಿಯ ಪಟ್ಟಿಯನ್ನೂ ದೇಶವೆಲ್ಲ ನೋಡಿತು. ೧೯೭೮ರಲ್ಲಿ, ೬೦ನೆಯ ವಯಸ್ಸಿನಲ್ಲಿ, ಅವರು ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತು ಗೆದ್ದರು. ಕಾಫಿ ತೋಟಗಳ, ಮಲೆನಾಡಿನ ಹಳ್ಳಿಗಳ ತುರುಬಿನ ಹೆಂಗಸರು ಆ ಗಿಡ್ಡಗೂದಲಿನ ಅಭ್ಯರ್ಥಿಯನ್ನು ಕಂಡು ಮತ ಹಾಕಿದರು. ಅವರ ರಾಜಕೀಯದ ಗುಣದೋಷಗಳು ಬೇರೆ ಮಾತು. ಅರುವತ್ತರ ಹೆಂಗಸಿಗೆ, ಅದರಲ್ಲಿಯೂ ಗಂಡನಿಲ್ಲದವಳಿಗೆ, ಇಂತಹ ಮುಡಿಯೇ ಇರಬೇಕೆಂಬ ಹಳೆಯ ಕಟ್ಟಳೆಯು ಆ ಹೊತ್ತಿಗೆ ಸಾರ್ವಜನಿಕ ಬಾಳಿನಲ್ಲಿ ಬಲಗುಂದಿದ್ದಿತೆಂಬುದಕ್ಕೆ ಇದು ಪ್ರಮಾಣ. ಪಂಡಿತಾ ರಮಾಬಾಯಿಯವರು ಹುಟ್ಟಿದ ಗಂಗಾಮೂಲವೂ ಆ ಜಿಲ್ಲೆಯಲ್ಲಿಯೇ ಇರುವುದು ಒಂದು ಯೋಗಾಯೋಗ.

ಹೀಗೆ ವಿಚಾರಿಸುತ್ತ ಬಂದರೆ, ಮುಡಿಗೂ ಮುಪ್ಪಿಗೂ ಇರುವ ಸಹಜವಾದ ಸಂಬಂಧವು ಬಹು ಸ್ವಲ್ಪವೆಂದು ತಿಳಿಯುತ್ತದೆ. ಕೂದಲು ತೆಳ್ಳಗಾಗುವುದು, ನರೆಯುವುದು, ಕೈಗೆ ಬಾಚುವ ಶಕ್ತಿ ತಗ್ಗುವುದು, ಇವಿಷ್ಟೇ ವಯಸ್ಸು ತರುವ ಮಾರ್ಪಾಟುಗಳು. ಇವುಗಳಿಗೆ ತಕ್ಕಂತೆ ಒಬ್ಬಳು ತುರುಬನ್ನು ಕಟ್ಟಬಹುದು, ಒಬ್ಬಳು ಜಡೆಯನ್ನು ಉಳಿಸಿಕೊಳ್ಳಬಹುದು, ಇನ್ನೊಬ್ಬಳು ಕತ್ತರಿಸಿಕೊಂಡು ಹಗುರವಾಗಬಹುದು. ನರೆಯನ್ನು ಬಣ್ಣದಿಂದ ಮರೆಸುವವಳಿಗೂ, ಇದ್ದಂತೆ ಇರಗೊಡುವವಳಿಗೂ ಅವರವರ ಕಾರಣಗಳುಂಟು. ಮಿಕ್ಕುದೆಲ್ಲವೂ ಸಮಾಜವು ಸ್ತ್ರೀಯ ತಲೆಯ ಮೇಲೆ ಬರೆದ ಲೆಕ್ಕ. ತುರುಬಿನಲ್ಲಿ ಚೆಲುವಿಲ್ಲವೆಂದು ಯಾರೂ ಹೇಳರು. ಬೇಲೂರಿನ ಕಲ್ಲುಗಳೇ ಅದಕ್ಕೆ ಸಾಕ್ಷಿ. ಆದರೆ ಅದು ಚೆಲುವಾಗಿ ಉಳಿಯಬೇಕಾದರೆ, ಕಟ್ಟಿಕೊಂಡವಳು ತಾನೇ ಬಯಸಿ ಕಟ್ಟಿಕೊಂಡಿರಬೇಕು. “ಈ ವಯಸ್ಸಿಗೆ ಒಪ್ಪುವುದೇ?” ಎಂಬ ಪ್ರಶ್ನೆಯನ್ನು ಇನ್ನು ಮುಂದೆಯೂ ಕೇಳಬಾರದೆಂದಿಲ್ಲ, ಕನ್ನಡಿಯ ಮುಂದೆ ನಿಂತವಳು ತನ್ನನ್ನು ತಾನು ಕೇಳಿಕೊಂಡರೆ ಅದು ರಸಿಕತೆ. ಬಾಗಿಲ ಬಳಿ ನಿಂತವರು ಕೇಳಿದಾಗ ಆ ಪ್ರಶ್ನೆಯ ಹಿಂದೆ ಎಷ್ಟು ತಲೆಗಳು ಬೋಳಾಗಿದ್ದುವೆಂಬುದನ್ನು ವಿದ್ಯಾವಂತರ ಮನೆಗಳು ಮರೆಯದಿರುವುದು ಮೇಲು.